ಗ್ರಾಂ ಲೆಕ್ಕ ಬಿಡಿ, ಬಸ್ಸಿನ ಲೆಕ್ಕ ಹೇಳಿ

‘ಒಂದೇ ನಿಮಿಷದಲ್ಲಿ ಮೊಬೈಲ್ ಫುಲ್ ಚಾರ್ಜ್!’ ಇಂಥ ಸುದ್ದಿ ಆಗಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ಬೀಳುತ್ತದೆ. ಸುದ್ದಿಯ ನಾಯಕ ಸೂಪರ್ ಕೆಪಾಸಿಟರ್; ಜೊತೆಗೆ ‘ನ್ಯಾನೊ’ ಎಂಬ ಪದ ಇದ್ದೇ ಇರುತ್ತದೆ. ಹಾಗಿದ್ದರೆ ಆ ಮೊಬೈಲ್ ಇನ್ನೂ ಅಂಗಡಿಗೆ ಏಕೆ ಬಂದಿಲ್ಲ? ಎಂ.ಎಸ್ಸಿ. ರಸಾಯನಶಾಸ್ತ್ರ ಓದುತ್ತಿರುವ ನನಗೆ ಸ್ನೇಹಿತರು ಕೇಳುವ ಪ್ರಶ್ನೆ ಇದು.

ಬ್ಯಾಟರಿಯಲ್ಲಿ ರಾಸಾಯನಿಕ ಕ್ರಿಯೆ ನಡೆದು ಶಕ್ತಿ ಶೇಖರವಾಗುತ್ತದೆ. ಸಾಮಾನ್ಯ ಸೂಪರ್ ಕೆಪಾಸಿಟರ್‌ನಲ್ಲಿ ಅಯಾನುಗಳು ಇಂಗಾಲದ ಮೇಲ್ಮೈಗೆ ಬಂದು ಕೂರುತ್ತವೆ, ಅಷ್ಟೆ. ಕೂರಲು, ಎದ್ದು ಹೋಗಲು ಸೆಕೆಂಡುಗಳು ಸಾಕು. ಲಕ್ಷಾಂತರ ಸಲ ಹೀಗಾದರೂ ಅದು ಹೆಚ್ಚು ಸವೆಯದು. ಆದರೆ ಕೂರಲು ಜಾಗ ಬೇಕಲ್ಲ? ಅದಕ್ಕೇ ನ್ಯಾನೊ ರಂಧ್ರಗಳು. ಒಂದು ಗ್ರಾಂ ಸಕ್ರಿಯ ಇಂಗಾಲದ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 10ರಿಂದ 20 ಗುಂಟೆ ಜಾಗ!

ಇಷ್ಟಿದ್ದರೂ ಒಂದು ಕಿಲೊ ಸೂಪರ್ ಕೆಪಾಸಿಟರ್ ಹಿಡಿದಿಡುವುದು 5ರಿಂದ 10 ವ್ಯಾಟ್-ಅವರ್. ಲಿಥಿಯಂ ಅಯಾನ್ ಬ್ಯಾಟರಿಯಾದರೆ 150ರಿಂದ 250. ಬೇಗ ತುಂಬುವುದು ಬೇಗ ಖಾಲಿಯೂ ಆಗುತ್ತದೆ. ಆದ್ದರಿಂದ ಅದರ ಕೆಲಸ ಮೊಬೈಲಿನಲ್ಲಲ್ಲ. ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಹಿಡಿದು, ಮತ್ತೆ ಹೊರಡುವಾಗ ಕೊಡುವ ಬಸ್ಸು, ಟ್ರಾಮ್‌ಗಳಲ್ಲಿ. ನಿಲ್ದಾಣಗಳಲ್ಲೇ ಚಾರ್ಜ್ ಮಾಡಿಕೊಳ್ಳುವ ಇಂಥ ಬಸ್ಸುಗಳು ಶಾಂಘೈನಲ್ಲಿ 2006ರಲ್ಲೇ ಓಡಿದವು.

ಹಾಗಾದರೆ ಸುದ್ದಿಗಳು ಸುಳ್ಳೇ? ಅಲ್ಲ, ಲೆಕ್ಕ ಬೇರೆ. ಪ್ರಯೋಗಾಲಯದಲ್ಲಿ ಗ್ರಾಫೀನನ್ನೋ ಮ್ಯಾಂಗನೀಸ್ ಆಕ್ಸೈಡನ್ನೋ ಒಂದೆರಡು ಮಿಲಿಗ್ರಾಂ ತೆಳ್ಳಗೆ ಲೇಪಿಸಿ, ಪ್ರತಿ ಗ್ರಾಂಗೆ ಇಷ್ಟು ಎಂದು ಹೇಳುತ್ತಾರೆ. ದಪ್ಪಗೆ ಲೇಪಿಸಿ, ಲೋಹದ ಹಾಳೆ, ದ್ರಾವಣ, ಕವಚ ಎಲ್ಲವನ್ನೂ ಸೇರಿಸಿ ತೂಗಿದರೆ ಆ ಅಂಕಿ ಕುಸಿಯುತ್ತದೆ. ಯೂರಿ ಗೊಗೊಟ್ಸಿ ಮತ್ತು ಪ್ಯಾಟ್ರಿಸ್ ಸಿಮೊನ್ 2011ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಈ ಬಗ್ಗೆ ಎಚ್ಚರಿಸಿದ್ದರು.

ಈ ಮಾತು ನಮಗೆ ಈಗ ಮುಖ್ಯ. 2024ರ ಅಕ್ಟೋಬರ್‌ನಲ್ಲಿ ಕೇರಳದ ಕಣ್ಣೂರಿನಲ್ಲಿ ಸರ್ಕಾರಿ ಸಂಸ್ಥೆ ಕೆಲ್ಟ್ರಾನ್, ಇಸ್ರೊ ಸಹಯೋಗದಲ್ಲಿ ಸೂಪರ್ ಕೆಪಾಸಿಟರ್ ತಯಾರಿಕೆ ಶುರು ಮಾಡಿತು. ನಮ್ಮಲ್ಲಿ ಏನಿದೆ? ತೆಂಗಿನ ಚಿಪ್ಪಿದೆ! ಜಪಾನಿನ ಕುರಾರೆ ಕಂಪನಿ ಸೂಪರ್ ಕೆಪಾಸಿಟರ್‌ಗೆಂದೇ ಮಾರುವ ಇಂಗಾಲದ ಪುಡಿ ತಯಾರಾಗುವುದು ಈ ಚಿಪ್ಪಿನಿಂದಲೇ. ತಿಪಟೂರಿನ ಕೊಬ್ಬರಿ ಊರೂರಿಗೂ ಗೊತ್ತು. ಆದರೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪು ನಮ್ಮ ಮನೆಗಳಲ್ಲಿ ಸ್ನಾನದ ಒಲೆಗೆ ಹೋಗುತ್ತದೆ.

ಚಿಪ್ಪನ್ನು ಸುಟ್ಟ ಮಾತ್ರಕ್ಕೆ ಆ ಪುಡಿ ಆಗುವುದಿಲ್ಲ. ರಂಧ್ರಗಳ ಗಾತ್ರ ಒಂದೇ ಸಮ ಬರಬೇಕು, ಬೂದಿ, ಕಬ್ಬಿಣದ ಅಂಶ ಇರಬಾರದು, ಪ್ರತಿ ಚೀಲವೂ ಒಂದೇ ಗುಣಮಟ್ಟದ್ದಾಗಿರಬೇಕು. ಇದು ಹೊಸ ಆವಿಷ್ಕಾರವಲ್ಲ, ಪತ್ರಿಕೆಯ ತಲೆಬರಹವೂ ಆಗದು. ಆದರೆ ನೌಕರಿ ಹುಟ್ಟುವುದು, ಬೆಳೆಗಾರನಿಗೆ ನಾಲ್ಕು ಕಾಸು ಹೆಚ್ಚು ಸಿಗುವುದು ಇಲ್ಲಿಯೇ.

ಪ್ರಯೋಗಾಲಯ ಮತ್ತು ಕಾರ್ಖಾನೆಯ ನಡುವಿನ ಈ ಕೆಲಸಕ್ಕೆ ವಿಶ್ವವಿದ್ಯಾಲಯಗಳು ಹಣ, ಅಂಕ ಎರಡನ್ನೂ ಕೊಡಲಿ. ವಿದ್ಯಾರ್ಥಿಗಳ ಪ್ರಾಜೆಕ್ಟಿನಲ್ಲಿ ಇಡೀ ಸೆಲ್‌ನ ತೂಕ ಬರೆಯುವುದು ಕಡ್ಡಾಯವಾಗಲಿ. ಮುಂದಿನ ಬಾರಿ ‘ನ್ಯಾನೊ ಕ್ರಾಂತಿ’ಯ ಸುದ್ದಿ ಬಂದರೆ ನೀವೂ ಕೇಳಿ: ಗ್ರಾಂ ಲೆಕ್ಕ ಇರಲಿ, ಬಸ್ಸು ಎಷ್ಟು ದೂರ ಓಡುತ್ತದೆ?