ಬುತ್ತಿಗೆ ವಿಮಾನದಲ್ಲಿಯೂ ಎಡೆಯಿರಲಿ

ಪಯಣಕ್ಕೆ ಕಟ್ಟಿಕೊಂಡು ಹೋಗುವ ಊಟಕ್ಕೆ ನಮ್ಮ ಗಡಿಸೀಮೆಯಲ್ಲಿ ಎರಡು ಹೆಸರುಗಳಿವೆ: ಕನ್ನಡದ ಮನೆಯಲ್ಲಿ ‘ಬುತ್ತಿ’, ಮರಾಠಿಯ ನೆರೆಮನೆಯಲ್ಲಿ ‘ಶಿದೋರಿ’. ಸಂಸ್ಕೃತದ ‘ಪಾಥೇಯ’ ಮೂರನೆಯದು. ‘ಪಾಥೇಯ’ವು ಪಥವನ್ನು ನೆನೆಯುತ್ತದೆ, ‘ಭುಕ್ತಿ’ಯ ತದ್ಭವವಾದ ‘ಬುತ್ತಿ’ ಉಣ್ಣುವುದನ್ನು ನೆನೆಯುತ್ತದೆ. ಬಳಕೆಯಲ್ಲಿ ಬುತ್ತಿಯ ಅರ್ಥ ಇನ್ನೂ ಹಿರಿದು. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಒಯ್ದ ಬುತ್ತಿಯನ್ನು ಯಾರೂ ಒಬ್ಬರೇ ಉಣ್ಣುವುದಿಲ್ಲ. ಮೊದಲು ಭೂಮಿಗೆ ಚರಗ ಚೆಲ್ಲಿ, ಬಳಿಕ ಬಂದವರೊಡನೆ ಕೂಡಿ ಉಣ್ಣುತ್ತಾರೆ. ಕಟ್ಟಿಕೊಟ್ಟವರ ಕೈ, ಹಂಚಿಕೊಂಡು ಉಣ್ಣುವವರ ಸಾಲು ಎರಡೂ ಆ ಪದದಲ್ಲಿ ಅಡಗಿವೆ. ‘ಸ್ನ್ಯಾಕ್ಸ್’ ಎಂಬ ಮಾತಿಗೆ ಈ ಭಾರವನ್ನು ಹೊರುವ ಶಕ್ತಿಯಿಲ್ಲ.

ಮಾಡಗ್ಯಾಳದಂಥ ಜತ್ತ ತಾಲೂಕಿನ ಊರುಗಳ ತರುಣರು ಈಗ ಕೊಲ್ಲಾಪುರ, ಬೆಳಗಾವಿ, ಪುಣೆಗಳಿಂದ ವಿಮಾನವೇರಿ ದೂರದೂರಿಗೆ ಹೊರಡುತ್ತಾರೆ. ಬಸ್ಸಿನಲ್ಲಿ ಸಂಕೋಚವಿಲ್ಲದೆ ಬಿಚ್ಚುವ ಗಂಟನ್ನು ವಿಮಾನದಲ್ಲಿ ಬಿಚ್ಚಲು ಹಲವರು ನಾಚುತ್ತಾರೆ. ‘ಅಲ್ಲಿ ಇದು ನಡೆಯುವುದಿಲ್ಲ’ ಎಂದು ಮನೆಯವರ ಕೈಯನ್ನು ತಡೆಯುತ್ತಾರೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಏನನ್ನು ಒಯ್ಯಬಾರದೆಂಬುದನ್ನು ನಿಯಮ ಹೇಳಬೇಕೇ ಹೊರತು ನಾಚಿಕೆಯಲ್ಲ.

ನಿಯಮಗಳಾದರೂ ಏನು ಹೇಳುತ್ತವೆ? 2006ರಲ್ಲಿ ಲಂಡನ್ನಿನಲ್ಲಿ ಬಯಲಾದ ಸಂಚಿನ ತರುವಾಯ, ಅಂತಾರಾಷ್ಟ್ರೀಯ ಪಯಣದ ಕೈಚೀಲದಲ್ಲಿ ದ್ರವಪದಾರ್ಥಗಳಿಗೆ ಸಾಮಾನ್ಯವಾಗಿ 100 ಮಿಲಿಲೀಟರಿನ ಮಿತಿಯಿದೆ. ಆದ್ದರಿಂದ ಮೊಸರು, ಎಣ್ಣೆ ತೇಲುವ ಉಪ್ಪಿನಕಾಯಿ ಅದರಲ್ಲಿ ಬೇಡ. ಖಾರದ ಚಟ್ನಿಪುಡಿಯನ್ನು ದೊಡ್ಡ ಪೆಟ್ಟಿಗೆಗೆ ಹಾಕುವುದು ಲೇಸು. ಒಣಕೊಬ್ಬರಿಗೂ ನಿರ್ಬಂಧವುಂಟು, ಎಣ್ಣೆಯ ಅಂಶದಿಂದಾಗಿ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಖಡಕ್ ರೊಟ್ಟಿಗೆ, ಶೇಂಗಾ ಹೋಳಿಗೆಗೆ ಇಂಥ ಅಡ್ಡಿಯಿಲ್ಲ. ವಿಮಾನದೊಳಗಿನ ಹವೆಯ ತೇವಾಂಶ ಹೆಚ್ಚಾಗಿ ಶೇ. 20ಕ್ಕಿಂತ ಕಡಿಮೆ. ಮೊದಲೇ ಒಣಗಿಸಿದ ರೊಟ್ಟಿಗೆ ಅದರಿಂದ ಬಾಧೆಯಿಲ್ಲ. ಒಣಗುವುದು ನಮ್ಮ ಗಂಟಲು. ತಪಾಸಣೆ ಮುಗಿದ ಮೇಲೆ ನೀರು ತುಂಬಿಕೊಳ್ಳಲು ಖಾಲಿ ಬಾಟಲಿಯೊಂದಿರಲಿ. ಚಳಿಗೆ ಸೊಲ್ಲಾಪುರದ ಚಾದರ ಸಾಕು. ಆಸ್ಟ್ರೇಲಿಯದಂಥ ದೇಶದಲ್ಲಿ ಇಳಿಯುವಾಗ, ಉಳಿದ ತಿನಿಸನ್ನು ಬಚ್ಚಿಡದೆ ಅಧಿಕಾರಿಗಳಿಗೆ ತಿಳಿಸಬೇಕು.

ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ನಿಮಗೆ ಇದು ಬರಿಯ ಅಡುಗೆಮನೆಯ ವಿಚಾರವೆನಿಸಬಾರದು. ಬುತ್ತಿ ಕಟ್ಟುವುದು ನಿಂತ ಮನೆಯಲ್ಲಿ ಆ ಪದವೂ ಒಂದೆರಡು ತಲೆಮಾರಿನೊಳಗೆ ನಿಘಂಟಿಗೆ ಸರಿಯುತ್ತದೆ. ಮುಂದೆ ಕಾವ್ಯದಲ್ಲಿ ಬುತ್ತಿಯ ಮಾತು ಬಂದಾಗ ಅಡಿಟಿಪ್ಪಣಿಯಿಲ್ಲದೆ ಅದು ತಿಳಿಯದಂತಾಗುತ್ತದೆ. ಆದ್ದರಿಂದ ಗಂಟನ್ನು ಧೈರ್ಯವಾಗಿ ಬಿಚ್ಚಿರಿ. ಪಕ್ಕದ ಆಸನದವರಿಗೂ ಒಂದಿಷ್ಟು ನೀಡಿರಿ. ಶೇಂಗಾ ಕೆಲವರಿಗೆ ಒಗ್ಗದಾದ್ದರಿಂದ ಕೇಳಿಯೇ ನೀಡಿರಿ. ಇದೇನೆಂದು ಅವರು ವಿಚಾರಿಸಿದರೆ ‘ಬುತ್ತಿ’ ಎನ್ನಿರಿ. ಅವರು ಮರಾಠಿಯವರಾಗಿದ್ದರೆ ‘ಶಿದೋರಿ’ ಎಂದೂ ಸೇರಿಸಿರಿ. ಎರಡು ನುಡಿಗಳ ನಡುವೆ ಬೆಳೆದ ನಿಮಗೆ ಅದೇನೂ ಕಷ್ಟವಲ್ಲ.