ಶಿಕ್ಷಕರ ಉಪದಾನ ಮತ್ತು ವೃತ್ತಿ ಸಂಘಗಳು

ಕರ್ನಾಟಕದ ಊರೂರುಗಳಲ್ಲಿ ವಿದ್ಯಾಸಂಸ್ಥೆಗಳ ಹಾಗೂ ಧರ್ಮಾಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ವರ್ತಕರೂ ಉದ್ಯಮಿಗಳೂ ಇರುವುದು ಹಳೆಯ ರೂಢಿ. ಅಂಗಡಿಯ ಲೆಕ್ಕವನ್ನು ಪೈಸೆ ಬಿಡದೆ ನೋಡುವ ಅದೇ ಜನ, ಶಾಲೆಯ ಲೆಕ್ಕ ಬಂದಾಗ ಶಿಕ್ಷಕರಿಗೆ ಸಲ್ಲಬೇಕಾದ ಉಪದಾನವನ್ನು, ಅಂದರೆ ಗ್ರಾಚ್ಯುಯಿಟಿಯನ್ನು, ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ತೋರಿಸಲು ಮರೆಯುವುದುಂಟು. ಅದನ್ನು ನೆನಪಿಸುವವರು ವೃತ್ತಿ ಸಂಘದವರು. ಅವರ ಬಗ್ಗೆ ಮಂಡಳಿಗಳಲ್ಲಿರುವ ಅಸಮಾಧಾನಕ್ಕೆ ಮೂಲವೂ ಬಹುಮಟ್ಟಿಗೆ ಅದೇ.

ಇಂತಹ ಪ್ರತ್ಯೇಕ ಸಂಘಗಳ ಅಗತ್ಯವೇನೆಂಬ ಪ್ರಶ್ನೆಗೆ ಕಾನೂನಿನ ಇತಿಹಾಸದಲ್ಲಿಯೇ ಉತ್ತರವಿದೆ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠವು ಆಸ್ಪತ್ರೆ ಹಾಗೂ ವಿದ್ಯಾಸಂಸ್ಥೆಗಳೂ 'ಉದ್ಯಮ'ದ ವ್ಯಾಖ್ಯೆಯೊಳಗೆ ಬರುತ್ತವೆಂದು ತೀರ್ಪಿತ್ತಿತು. ಆದರೆ 1988ರಲ್ಲಿ ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಶಾಲೆ ಉದ್ಯಮವಾದರೂ ಪಾಠ ಹೇಳುವವರು 'ಕಾರ್ಮಿಕ'ರಲ್ಲವೆಂದು ಅದೇ ನ್ಯಾಯಾಲಯ ಹೇಳಿತು. ಶಾಲೆಯ ಜವಾನನಿಗೆ ಕೈಗಾರಿಕಾ ವಿವಾದ ಕಾಯಿದೆಯ ಆಸರೆ ಇತ್ತು, ಶಿಕ್ಷಕಿಗೆ ಇರಲಿಲ್ಲ! ಕಾರ್ಖಾನೆಯ ಕಾರ್ಮಿಕ ಸಂಘಟನೆಗಳ ಮಾಮೂಲು ದಾರಿ ಇಲ್ಲಿ ಸಾಗುವಂತಿರಲಿಲ್ಲ.

ಉಪದಾನದ ಕಥೆ ಇದಕ್ಕಿಂತ ದೀರ್ಘವಾದುದು. 1972ರ ಕಾಯಿದೆಯನ್ನು 1997ರ ಏಪ್ರಿಲ್ 3ರ ಅಧಿಸೂಚನೆಯ ಮೂಲಕ, ಹತ್ತು ಅಥವಾ ಹೆಚ್ಚು ನೌಕರರಿರುವ ವಿದ್ಯಾಸಂಸ್ಥೆಗಳಿಗೆ ವಿಸ್ತರಿಸಲಾಯಿತು. ಶಿಕ್ಷಕರು ಆ ಕಾಯಿದೆಯ 'ನೌಕರ' ವ್ಯಾಖ್ಯೆಗೆ ಸೇರುವರೇ ಎಂಬ ವಿವಾದವನ್ನು ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘವು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದು 2004ರಲ್ಲಿ ಸೋತಿತು. ಆದರೆ ಶಿಕ್ಷಕರಿಗೆ ಉಪದಾನ ಸಲ್ಲಬಾರದೆಂಬುದು ತನ್ನ ಅಭಿಪ್ರಾಯವಲ್ಲ, ಶಾಸಕಾಂಗವು ಇದನ್ನು ಗಮನಿಸಬೇಕು ಎಂದು ನ್ಯಾಯಾಲಯವೇ ಸೂಚಿಸಿತು. ಸಂಸತ್ತು 2009ರಲ್ಲಿ ಕಾಯಿದೆಯನ್ನು 1997ರ ಅದೇ ದಿನಾಂಕದಿಂದಲೇ ಅನ್ವಯವಾಗುವಂತೆ ತಿದ್ದಿತು. ಖಾಸಗಿ ಶಾಲೆಗಳು ತಿದ್ದುಪಡಿಯನ್ನು ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸೋತು, ಬಾಕಿಯನ್ನು ಬಡ್ಡಿಸಹಿತ ಆರು ವಾರಗಳೊಳಗೆ ತೀರಿಸಬೇಕೆಂಬ ಆದೇಶ ಪಡೆದವು. ಇಪ್ಪತ್ತೈದು ವರ್ಷ ವಾದಿಸಿ ಗಳಿಸಿದ್ದು ಬಡ್ಡಿಯ ಹೊರೆ.

ಲೆಕ್ಕವಾದರೂ ಕಠಿಣವಲ್ಲ. ಕೊನೆಯ ಮಾಸಿಕ ವೇತನ ರೂ. 26,000 ಇದ್ದರೆ, 26 ದಿನಕ್ಕೆ ಭಾಗಿಸಿ 15ರಿಂದ ಗುಣಿಸಿದಾಗ ವರ್ಷವೊಂದಕ್ಕೆ ರೂ. 15,000. ಇಪ್ಪತ್ತು ವರ್ಷದ ಸೇವೆಗೆ ರೂ. 3 ಲಕ್ಷ. ಅಂತಹ ಹತ್ತು ಮಂದಿ ಆಸುಪಾಸಿನ ವರ್ಷಗಳಲ್ಲಿ ನಿವೃತ್ತರಾದರೆ ರೂ. 30 ಲಕ್ಷ. ವರ್ಷವರ್ಷವೂ ತೆಗೆದಿರಿಸಿದ ಸಂಸ್ಥೆಗೆ ಇದು ಮಾಮೂಲು ಖರ್ಚು; ತೆಗೆದಿರಿಸದ ಸಂಸ್ಥೆಗೆ ಕಟ್ಟಡ ನಿಧಿಗೆ ಕೈಹಾಕುವ ಪ್ರಸಂಗ.

ದಾದಿಯರ ವಿಷಯದಲ್ಲಿಯೂ ಹಾಗೆಯೇ. ಭಾರತೀಯ ತರಬೇತಿ ಹೊಂದಿದ ದಾದಿಯರ ಸಂಘದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಸಮಿತಿ ರಚಿಸಲು ಸೂಚಿಸಿತು. ಆ ಸಮಿತಿ ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ವೇತನ ಶಿಫಾರಸು ಮಾಡಿತು: 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಸರ್ಕಾರಿ ವೇತನಕ್ಕೆ ಸಮ, 50ಕ್ಕಿಂತ ಕಡಿಮೆ ಇದ್ದಲ್ಲಿಯೂ ರೂ. 20,000ಕ್ಕೆ ಕಡಿಮೆಯಿಲ್ಲ. ಹಾಸಿಗೆಯ ಎಣಿಕೆಯಿಂದ ವೇತನದ ಶಕ್ತಿಯನ್ನು ಅಳೆಯುವ ಈ ಕ್ರಮ ವೃತ್ತಿಯನ್ನು ಒಳಗಿನಿಂದ ಬಲ್ಲವರ ವಾದಕ್ಕೆ ಒಪ್ಪುವಂತಹುದು. ತೀವ್ರನಿಗಾ ಘಟಕವನ್ನು ಬರಿದು ಮಾಡುವ ಮುಷ್ಕರವನ್ನು ಯಾರೂ ಸಮರ್ಥಿಸಲಾರರು. ಸಂಘಗಳು ತಮ್ಮ ಲೆಕ್ಕಗಳನ್ನೂ ಪರಿಶೋಧನೆಗೆ ಒಡ್ಡಬೇಕು. ಆದರೆ ಬೇಡಿಕೆಯನ್ನು ಅಂಕಿಗಳಲ್ಲಿ ತರುವ ಸಂಘದೊಡನೆ ಮಾತುಕತೆ ಸುಲಭ. ವಾಣಿಜ್ಯ ಮಂಡಳಿಗಳು ತೆರಿಗೆ ಇಲಾಖೆಯೆದುರು ಮಾಡುತ್ತಿರುವುದೂ ಇದನ್ನೇ ತಾನೆ!

2025ರ ನವೆಂಬರ್ 21ರಿಂದ ಉಪದಾನದ ನಿಯಮಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ನಿಗದಿತ ಅವಧಿಯ ನೇಮಕಾತಿ ಮುಗಿದಾಗ ಐದು ವರ್ಷಗಳ ಷರತ್ತು ಈಗ ಅನ್ವಯಿಸದು. ವರ್ಷದ ಕರಾರಿನ ಮೇಲೆ ಶಿಕ್ಷಕರನ್ನು ನೇಮಿಸುವ ಮಂಡಳಿಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಾರ್ಚ್ ಅಂತ್ಯದ ಲೆಕ್ಕ ಮುಗಿಸುವ ಮುನ್ನ ಸಂಘದ ಪ್ರತಿನಿಧಿಗಳನ್ನು ಕರೆದು ಪ್ರತಿಯೊಬ್ಬರ ಸೇವಾವಧಿಯ ಪಟ್ಟಿಯನ್ನು ತಾಳೆ ನೋಡಿ, ಅದರ ಮೇಲೆ ವಿಮಾ ಗಣಿತಜ್ಞರಿಂದ ಹೊಣೆಯ ಅಂದಾಜು ಮಾಡಿಸುವುದು ಕ್ಷೇಮ. ಹಳೆಯ ಬಾಕಿ ದೊಡ್ಡದಾಗಿದ್ದಲ್ಲಿ ನಿಧಿಯನ್ನು ಎಷ್ಟು ವರ್ಷಗಳಲ್ಲಿ ಭರ್ತಿ ಮಾಡಬೇಕೆಂಬುದನ್ನು ಅದೇ ಸಭೆಯಲ್ಲಿ ಗೊತ್ತುಪಡಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಿಸಬಹುದು.