ಸೊಲ್ಲಾಪುರದ ವೈದ್ಯರ ಸಮಾಧಿಯನ್ನು ಅರಸುತ್ತ



ಮಕರ ಸಂಕ್ರಾಂತಿಯ ಜಾತ್ರೆಗೆ ಸೊಲ್ಲಾಪುರಕ್ಕೆ ತೆರಳಿ, ಕೆರೆಯ ನಡುವಣ ಸಿದ್ಧರಾಮೇಶ್ವರರ ಸಮಾಧಿಗೆ ತಲೆಬಾಗಿ ಬರುವ ಪದ್ಧತಿ ನಮ್ಮ ಅನೇಕ ಮನೆತನಗಳಲ್ಲಿ ಇಂದಿಗೂ ಉಳಿದುಬಂದಿದೆ. ಹಿರಿಯರು ಎಲ್ಲಿ ಮಣ್ಣಾದರೆಂಬುದನ್ನು ಅರಿತು, ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ನಿಲ್ಲುವುದು ನಮಗೆ ಸಹಜವಾದ ಕರ್ತವ್ಯ. ಅದೇ ಸೊಲ್ಲಾಪುರದಲ್ಲಿ ಹುಟ್ಟಿ, ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆಗೈದು, ಮರಳಿ ಊರನ್ನು ಕಾಣದೆ ಹೋದ ವೈದ್ಯರೊಬ್ಬರಿದ್ದರು. ಅವರ ಸಮಾಧಿಯನ್ನು ಅರಸುತ್ತ ಈ ತಿಂಗಳು ನಾವು ಓದುಗರೊಡನೆ ಚೀನಾ ದೇಶದವರೆಗೆ ಹೋಗಿಬರಬೇಕೆಂದಿದ್ದೇವೆ.

ಆ ವೈದ್ಯರು ಡಾ. ದ್ವಾರಕಾನಾಥ ಕೋಟ್ನೀಸರು. 1910ರ ಅಕ್ಟೋಬರ್ 10ರಂದು ಮರಾಠಿ ಮನೆತನವೊಂದರಲ್ಲಿ ಜನಿಸಿದ ಅವರು ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿದರು. 1937ರಲ್ಲಿ ಜಪಾನಿನ ಸೈನ್ಯ ಚೀನಾದ ಮೇಲೆ ಏರಿಹೋಯಿತು. ವೈದ್ಯರನ್ನು ಕಳುಹಿಸಿಕೊಡಿರೆಂದು ಚೀನಾದ ಸೇನಾನಿ ಝೂ ದ ಅವರು ಜವಾಹರಲಾಲ ನೆಹರೂ ಅವರನ್ನು ಬೇಡಿಕೊಂಡರು. ನಮ್ಮ ದೇಶವೇ ಆಗ ಪರರ ಆಳ್ವಿಕೆಯಲ್ಲಿತ್ತು. ಆದರೂ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಿಂದ ಹಣ ಕೂಡಿಸಿ, 1938ರಲ್ಲಿ ಐವರು ವೈದ್ಯರ ತಂಡವೊಂದನ್ನು ಕಳುಹಿಸಿಕೊಟ್ಟರು. ಅಟಲ್, ಚೋಳಕರ, ಬಸು, ಮುಖರ್ಜಿ ಹಾಗೂ ಕೋಟ್ನೀಸ ಇವರೇ ಆ ಐವರು. ಅಂದು ಕೋಟ್ನೀಸರ ವಯಸ್ಸು ಇಪ್ಪತ್ತೇಳು.

ಅಲ್ಲಿರುವಾಗಲೇ ತಂದೆಯವರು ತೀರಿಕೊಂಡ ವಾರ್ತೆ ಅವರನ್ನು ತಲುಪಿತು. ಹಿಂದಿರುಗಲು ಅದೊಂದು ಸಾಕಾದ ಕಾರಣವಾಗಿತ್ತು. ಆದರೆ ಅವರು ಹಿಂದಿರುಗಲಿಲ್ಲ. ಉತ್ತರ ಚೀನಾದ ಬೆಟ್ಟಗಳಲ್ಲಿ ಹೋರಾಡುತ್ತಿದ್ದ ಎಂಟನೆಯ ಮಾರ್ಗ ಸೇನೆಯೊಡನೆ ನಡೆದರು. ಚೀನೀ ಭಾಷೆಯನ್ನು ಕಲಿತು ಅದರಲ್ಲಿಯೇ ಪಾಠ ಹೇಳಿದರು. 1940ರ ಕದನಗಳಲ್ಲಿ ಎಪ್ಪತ್ತೆರಡು ಗಂಟೆಗಳ ಕಾಲ ಕಣ್ಣು ಮುಚ್ಚದೆ ಶಸ್ತ್ರಕ್ರಿಯೆ ನಡೆಸಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. 1941ರಲ್ಲಿ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು.

ಈ ಬೆಥೂನರು ಕೆನಡಾದ ಶಸ್ತ್ರವೈದ್ಯರು. ಅದೇ ಸೇನೆಯ ಗಾಯಾಳುಗಳಿಗೆ ಶಸ್ತ್ರಕ್ರಿಯೆ ಮಾಡುವಾಗ ತಮ್ಮ ಬೆರಳಿಗೆ ಗಾಯವಾಗಿ, ಅದು ನಂಜೇರಿ, 1939ರ ನವೆಂಬರಿನಲ್ಲಿ ಅಸುನೀಗಿದ್ದರು. ಅವರ ಸಮಾಧಿಯ ಉದ್ಘಾಟನೆಯ ದಿನವೇ ಕೋಟ್ನೀಸರು ಕ್ವೊ ಚಿಂಗ್‌ಲಾನ್ ಎಂಬ ದಾದಿಯರ ಶಿಕ್ಷಕಿಯನ್ನು ಮೊದಲ ಬಾರಿಗೆ ಕಂಡರು. 1941ರಲ್ಲಿ ಅವರಿಬ್ಬರ ವಿವಾಹವಾಯಿತು. ಮರುವರ್ಷ ಗಂಡುಮಗು ಜನಿಸಿತು. ಅದಕ್ಕಿಟ್ಟ ಹೆಸರು ಯಿನ್‌ಹ್ವಾ. ಯಿನ್ ಎಂದರೆ ಭಾರತ, ಹ್ವಾ ಎಂದರೆ ಚೀನಾ. ಮಗುವಿಗೆ ನಾಲ್ಕು ತಿಂಗಳು ತುಂಬುವ ಮುನ್ನವೇ, 1942ರ ಡಿಸೆಂಬರ್ 9ರಂದು, ಮೂರ್ಛೆರೋಗದ ಹೊಡೆತಕ್ಕೆ ಸಿಲುಕಿ ಕೋಟ್ನೀಸರು ಇಹಲೋಕವನ್ನು ತ್ಯಜಿಸಿದರು. ಆಗ ಅವರಿಗೆ ಮೂವತ್ತೆರಡು ವರ್ಷ. ಉಳಿದ ನಾಲ್ವರು ವೈದ್ಯರು ತಾಯ್ನಾಡಿಗೆ ಮರಳಿದರು. ಇವರೊಬ್ಬರು ಅಲ್ಲಿಯೇ ಉಳಿದರು.

ಈಗ ನಮ್ಮ ಹುಡುಕಾಟದ ಮಾತಿಗೆ ಬರೋಣ. ಬ್ರಿಟಿಷ್ ಸರಕಾರದ ಸೇನೆಗೆ ಸೇರಿ ಮಡಿದ ಭಾರತೀಯರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ತನ್ನ ಪಟ್ಟಿಗಳಲ್ಲಿ ಕಾಯ್ದಿರಿಸಿದೆ. ಕೋಟ್ನೀಸರು ಆ ಸೇನೆಗೆ ಸೇರಿದವರಲ್ಲ, ಸ್ವಂತ ಇಚ್ಛೆಯಿಂದ ಹೋದವರು. ಆದುದರಿಂದ ಅವರನ್ನು ಆ ಪಟ್ಟಿಗಳಲ್ಲಿ ಅರಸುವುದು ವ್ಯರ್ಥ. ಚೀನೀ ದಾಖಲೆಗಳನ್ನು ತೆರೆದರೂ ಮೊದಲ ನೋಟಕ್ಕೆ ಅವರು ಸಿಕ್ಕುವುದಿಲ್ಲ. ಏಕೆಂದರೆ ಐವರೂ ವೈದ್ಯರು ತಮ್ಮ ಚೀನೀ ಹೆಸರಿನ ಕೊನೆಗೆ ಹ್ವಾ ಎಂಬ ಅಕ್ಷರವನ್ನು ಸೇರಿಸಿಕೊಂಡಿದ್ದರು. ಸೊಲ್ಲಾಪುರದ ಕೋಟ್ನೀಸರು ಅಲ್ಲಿ ಕ ದಿಹ್ವಾ ಆದರು. ಚೀನೀಯರು ಇಂದಿಗೂ ಅವರನ್ನು ಅದೇ ಹೆಸರಿನಿಂದ ನೆನೆಯುತ್ತಾರೆ.

ಅವರು ಕೊನೆಯುಸಿರೆಳೆದದ್ದು ಹೆಬೇ ಪ್ರಾಂತದ ಟಾಂಗ್ ಎಂಬ ಸೀಮೆಯಲ್ಲಿ. ಮೊದಲು ಮಣ್ಣುಗೊಟ್ಟದ್ದೂ ಆ ಸೀಮೆಯಲ್ಲಿಯೇ. ಇಷ್ಟನ್ನು ಓದಿಕೊಂಡು ಟಾಂಗಿಗೆ ಹೋದವನಿಗೆ ಅವರ ಅಸ್ಥಿಗಳು ಅಲ್ಲಿ ದೊರೆಯವು. ಮುಂದೆ ಶಿಜಿಯಾಜ್ವಾಂಗ್ ನಗರದಲ್ಲಿ ಉತ್ತರ ಚೀನಾದ ಹುತಾತ್ಮರಿಗಾಗಿ ದೊಡ್ಡ ರುದ್ರಭೂಮಿಯೊಂದನ್ನು ನಿರ್ಮಿಸಿದರು. ಬೆಥೂನರ ಅಸ್ಥಿಗಳನ್ನು ಅಲ್ಲಿಗೆ ತಂದರು, ಕೋಟ್ನೀಸರನ್ನೂ ತಂದರು. ಕೆನಡಾದ ವೈದ್ಯರೂ ಸೊಲ್ಲಾಪುರದ ವೈದ್ಯರೂ ಇಂದು ಒಂದೇ ಆವರಣದಲ್ಲಿ ಮಲಗಿದ್ದಾರೆ. ಹಿರಿಯರ ಸಮಾಧಿಗಳನ್ನು ಗುಡಿಸಿ ಹೂವಿಡುವ ಚಿಂಗ್‌ಮಿಂಗ್ ಹಬ್ಬ ಚೀನೀಯರಲ್ಲಿ ಏಪ್ರಿಲ್ ಮೊದಲ ವಾರದಲ್ಲಿ ಬರುತ್ತದೆ. ಆಗ ಈ ಪರದೇಶದ ವೈದ್ಯರಿಗೂ ಅಲ್ಲಿನ ಜನ ಹೂವನ್ನರ್ಪಿಸುತ್ತಾರೆ.

ಮಗ ಯಿನ್‌ಹ್ವಾ ತಂದೆಯ ಹಾದಿಯನ್ನೇ ಹಿಡಿದು ವೈದ್ಯವಿದ್ಯೆ ಕಲಿಯುತ್ತಿದ್ದನು. 1967ರಲ್ಲಿ ಅಕಾಲಿಕವಾಗಿ ತೀರಿಕೊಂಡನು. ಆ ದುಃಖವನ್ನೂ ನುಂಗಿಕೊಂಡು ಕ್ವೊ ಚಿಂಗ್‌ಲಾನ್ ಅವರು ಹಲವು ಸಲ ಭಾರತಕ್ಕೆ ಬಂದು, ಗಂಡನ ಮನೆಯವರೊಡನೆ ನಂಟನ್ನು ಉಳಿಸಿಕೊಂಡರು. ಅವರು ನಿಧನರಾದದ್ದು 2012ರಲ್ಲಿ. ಸೊಲ್ಲಾಪುರದಲ್ಲಿ ಕೋಟ್ನೀಸರ ಹುಟ್ಟಿದ ಮನೆ ಸ್ಮಾರಕವಾದದ್ದೂ ಅದೇ ವರ್ಷ. ಎರಡು ದೇಶಗಳ ನಡುವೆ 1962ರಲ್ಲಿ ಯುದ್ಧವೇ ನಡೆದುಹೋಯಿತು. ಮನಸ್ತಾಪ ಇಂದಿಗೂ ಪೂರ್ತಿ ತೊಲಗಿಲ್ಲ. ಹೀಗಿದ್ದರೂ ಆ ಸಮಾಧಿಯ ಮೇಲಿನ ಹೂವು ಬಾಡಲಿಲ್ಲ. ಇದನ್ನು ನಾವು ಸಾಮಾನ್ಯ ಸಂಗತಿಯೆಂದು ಎಣಿಸಲಾರೆವು. ಸೇವೆಗೈದವನ ಕುಲವನ್ನಾಗಲಿ ದೇಶವನ್ನಾಗಲಿ ಗಾಯಾಳು ಕೇಳಲಿಲ್ಲ. ಅವನ ಮಕ್ಕಳು, ಮೊಮ್ಮಕ್ಕಳೂ ಕೇಳುತ್ತಿಲ್ಲ.

ಈ ಕಥೆಯಿಂದ ನಮ್ಮ ಮನೆಗಳಿಗೆ ಒಂದು ಪಾಠವುಂಟು. ಎರಡು ಮಹಾಯುದ್ಧಗಳಿಗೆ ನಮ್ಮ ಹಳ್ಳಿಗಳಿಂದಲೂ ಜನ ಹೋದರು. ಮರಳದವರ ವಿಷಯವಾಗಿ ‘ದಂಡಿಗೆ ಹೋದ, ಬರಲಿಲ್ಲ’ ಎಂಬ ಒಂದೇ ಮಾತು ಎಷ್ಟೋ ಮನೆಗಳಲ್ಲಿ ಉಳಿದಿದೆ. ಅಂಥವರನ್ನು ಅರಸಲು ಮಾರ್ಗವಿದೆ. ಪೆಟ್ಟಿಗೆಯ ತಳದಲ್ಲಿ ಪದಕವಿದ್ದರೆ ಅದರ ಅಂಚನ್ನು ನೋಡಿರಿ. ಸೈನಿಕನ ಸಂಖ್ಯೆಯನ್ನೂ ಹೆಸರನ್ನೂ ಅಲ್ಲಿ ಕೊರೆದಿರುವುದುಂಟು. ಪಿಂಚಣಿಯ ಕಾಗದವಿದ್ದರೆ ಪಡೆಯ ಹೆಸರನ್ನು ಬರೆದುಕೊಳ್ಳಿರಿ. ಆಯೋಗದ ಪಟ್ಟಿಯಲ್ಲಿ ಅನೇಕರ ತಂದೆಯ ಹೆಸರು, ಊರಿನ ಹೆಸರೂ ಇರುತ್ತವೆ. ಇಂಗ್ಲಿಷಿನಲ್ಲಿ ಬರೆದವರು ಹೆಸರನ್ನು ಕೆಡಿಸಿರಬಹುದಾದ್ದರಿಂದ ನಾಲ್ಕಾರು ಬಗೆಯ ಕಾಗುಣಿತದಲ್ಲಿ ಹುಡುಕಬೇಕು. ಸಮಾಧಿಯಿಲ್ಲದವರಲ್ಲಿ ಅನೇಕರ ಹೆಸರು ಸ್ಮಾರಕಶಿಲೆಯ ಮೇಲೆ ಇರುತ್ತದೆ. ಹಿಂದೂ ಸೈನಿಕರೆಂದು ಎಣಿಸಿ ದಹನ ಮಾಡಿದವರ ವಿಷಯದಲ್ಲಿ ಹೀಗಾದದ್ದೇ ಹೆಚ್ಚು.

ಎಲ್ಲಕ್ಕೂ ಮೊದಲು, ಮನೆಯ ಅಜ್ಜಿಯವರ ಬಳಿ ಕುಳಿತು ಕೇಳಿ ಬರೆದಿಡಿರಿ. ಕಾಗದವು ಕಾಲಾಂತರದಲ್ಲಿ ಸಿಕ್ಕೀತು, ಅಜ್ಜಿಯವರು ಕಾಯಲಾರರು. ದೂರದ ಶಿಜಿಯಾಜ್ವಾಂಗಿನವರು ನಮ್ಮ ನಾಡಿನ ಮಗನೊಬ್ಬನನ್ನು ಇಷ್ಟು ಕಾಲ ಮರೆಯದಿರುವಾಗ, ನಮ್ಮ ಮನೆಯವರನ್ನು ನಾವೇ ಮರೆಯುವುದು ತರವಲ್ಲ.